ಫುಲ್ಲರೀನ್ ಮಸಿಯಿಂದ ಸಿ-60 ಬೇರ್ಪಡಿಸುವುದು: ಮಳೆಗಾಲದಲ್ಲಿ, ಸಾಧಾರಣ ಕಾಲೇಜು ಲ್ಯಾಬಿನಲ್ಲಿ ಆಗುವ ಕೆಲಸವಾ?

ಉಡುಪಿ_ರಸಾಯನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಇಬ್ಬರು ಮಕ್ಕಳಿಗೆ ಫುಲ್ಲರೀನ್ (ಕಾರ್ಬನ್ ಪರಮಾಣುಗಳಿಂದಲೇ ಆದ ಪಂಜರದಂಥ ಅಣು; ಸಿ-60ರಲ್ಲಿ 60, ಸಿ-70ರಲ್ಲಿ 70 ಪರಮಾಣು) ಮೇಲೆ ಪ್ರಾಜೆಕ್ಟ್ ಕೊಡಬೇಕು ಅಂತ ಉಂಟು. 5 ಗ್ರಾಂ ಫುಲ್ಲರೀನ್ ಮಸಿ ತರಿಸಿದ್ದೇವೆ. ಅದರಲ್ಲಿ ಕರಗಿ ಬರುವ ಭಾಗ ಸುಮಾರು ಶೇಕಡಾ 7 ಎಂದು ಬಾಟಲಿಯ ಮೇಲಿದೆ. ಲ್ಯಾಬಿನಲ್ಲಿ ಸಾಕ್ಸ್‌ಲೆಟ್ (ಬಿಸಿ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಉಪಕರಣ), ರೋಟಾವೇಪರ್ (ದ್ರಾವಕವನ್ನು ಆವಿ ಮಾಡಿ ತೆಗೆಯುವುದು), ಸೆಂಟ್ರಿಫ್ಯೂಜ್, ಮತ್ತು ಬೆಳಕಿನ ಹೀರಿಕೆಯಿಂದ ವಸ್ತು ಗುರುತಿಸುವ ಯುವಿ-ವಿಸಿಬಲ್, ಐಆರ್ ಇವೆ. ಎನ್‌ಎಂಆರ್ ಮತ್ತು ಎಚ್‌ಪಿಎಲ್‌ಸಿ ಇಲ್ಲ.

ಕೇಳಬೇಕಾದದ್ದು ಇಷ್ಟು. ಹಳೆಯ ಪುಸ್ತಕಗಳಲ್ಲಿ ಅಲ್ಯೂಮಿನಾ ಕಾಲಮ್ (ಪುಡಿ ತುಂಬಿದ ಗಾಜಿನ ಕೊಳವೆ, ಇಳಿಯುತ್ತಾ ಮಿಶ್ರಣ ಬೇರ್ಪಡುತ್ತದೆ), ಹೆಕ್ಸೇನ್‌ಗೆ ಶೇಕಡಾ 5 ಟಾಲ್ವೀನ್ ಎಂದಿದೆ. ಜುಲೈ ತಿಂಗಳ ಈ ತೇವದಲ್ಲಿ ಅಲ್ಯೂಮಿನಾ ನಂಬಬಹುದಾ? ಇದ್ದಿಲಿನ ಕಾಲಮ್ ಆದರೆ ನಮ್ಮಲ್ಲಿ ಸುಲಭವಾಗಿ ಸಿಗುವ ತೆಂಗಿನ ಗೆರಟೆಯ ಆಕ್ಟಿವೇಟೆಡ್ ಇದ್ದಿಲು ಆಗ್ತದಾ? ಸಿಕ್ಕಿದ್ದು ಸಿ-60 ಎಂದು ಇರುವ ಉಪಕರಣದಲ್ಲೇ ಹೇಗೆ ತೋರಿಸುವುದು? ನಂತರ ಒಂದು ರಿಯಾಕ್ಷನ್ ಮಾಡಿಸಬೇಕು. ಬಿಂಗೆಲ್ ರಿಯಾಕ್ಷನ್ (ಫುಲ್ಲರೀನ್‌ಗೆ ಮೂರರ ಉಂಗುರ ಸೇರಿಸುವುದು) ನೋಡಿದೆ, ಆದರೆ ಸೋಡಿಯಂ ಹೈಡ್ರೈಡ್ (ನೀರು ತಾಗಿದರೆ ಹೊತ್ತಿಕೊಳ್ಳಬಲ್ಲ ಕ್ಷಾರ) ಅಂದಾಗ ಹಿಂಜರಿಕೆ. ಕೊನೆಯದಾಗಿ, ಇದರ ಉಪಯೋಗ ಎಂತದು ಎಂದು ಮಕ್ಕಳು ಕೇಳಿದಾಗ ಪುಸ್ತಕದ ಪಟ್ಟಿ ಓದಿ ಹೇಳಲಿಕ್ಕೆ ಮನಸ್ಸಿಲ್ಲ. ನಿಜವಾಗಿ ಎಲ್ಲಿ ಬಳಕೆಯಲ್ಲಿದೆ?

ಸುರತ್ಕಲ್_ಕಾರ್ಬನ್:

ಆಗುವ ಕೆಲಸವೇ ಸರ್. ಆದರೆ ಅಲ್ಯೂಮಿನಾ-ಹೆಕ್ಸೇನ್ ದಾರಿ ಬಿಟ್ಟುಬಿಡಿ. ತೇವ ಅದಕ್ಕೆ ಎರಡನೆಯ ಕಾರಣ ಮಾತ್ರ, ಮೊದಲನೆಯದು ಕರಗುವಿಕೆ. 25 ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ಹೆಕ್ಸೇನ್‌ನಲ್ಲಿ ಸಿ-60 ಕರಗುವುದು 0.04 ಮಿಲಿಗ್ರಾಂ ಆಸುಪಾಸು. 100 ಮಿಲಿಗ್ರಾಂ ಇಳಿಸಲಿಕ್ಕೆ ಎರಡೂವರೆ ಲೀಟರ್ ಹೆಕ್ಸೇನ್ ಬೇಕು. ಸ್ವಲ್ಪ ಟಾಲ್ವೀನ್ ಸೇರಿಸಿದರೆ ಪರಿಸ್ಥಿತಿ ತುಸು ಸುಧಾರಿಸುತ್ತದೆ, ಆದರೂ ಕಾಲಮಿನ ತಲೆಯಲ್ಲೇ ಹರಳು ಕಟ್ಟಿ ಹರಿವು ನಿಲ್ಲುತ್ತದೆ. ಅದರ ಮೇಲೆ ತೇವ ಹೀರಿದ ಅಲ್ಯೂಮಿನಾದಲ್ಲಿ ಸಿ-60 ಮತ್ತು ಸಿ-70ರ ಪಟ್ಟೆಗಳು ಒಂದರೊಳಗೊಂದು ಸೇರಿ ಹೋಗುತ್ತವೆ. 200 ಡಿಗ್ರಿಗೆ ಮೇಲೆ ಕಾಸಿ, ಡೆಸಿಕೇಟರಿನಲ್ಲಿ ತಣಿಸಿ, ಕೂಡಲೇ ತುಂಬಿಸಿದರೂ ಕರಗುವಿಕೆಯ ತೊಂದರೆ ಹಾಗೆಯೇ ಉಳಿಯುತ್ತದೆ.

ಟಾಲ್ವೀನ್‌ನಲ್ಲಿ ಅದೇ ಸಿ-60 ಮಿಲಿಲೀಟರಿಗೆ 2.8 ಮಿಲಿಗ್ರಾಂ ಕರಗುತ್ತದೆ. ಆದ್ದರಿಂದ ಟಾಲ್ವೀನ್‌ನಲ್ಲೇ ಓಡುವ ಕಾಲಮ್ ಬೇಕು. ಅದು ಇದ್ದಿಲು ಮತ್ತು ಸಿಲಿಕಾ ಜೆಲ್ ಬೆರೆಸಿದ ಕಾಲಮ್. 1992ರಿಂದ ಬಳಕೆಯಲ್ಲಿರುವ ವಿಧಾನ, ಬಡ ಲ್ಯಾಬಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮೊದಲು ಮಸಿಯಿಂದ ಹೊರಗೆ ತೆಗೆಯುವುದು. ಮಸಿ ತುಂಬ ಹಗುರ, ಹಾರುತ್ತದೆ. ತೂಕ ಮಾಡುವುದು, ಥಿಂಬಲ್‌ಗೆ (ಸಾಕ್ಸ್‌ಲೆಟ್ ಒಳಗಿಡುವ ಸೋಸುಚೀಲ) ತುಂಬುವುದು ಎಲ್ಲ ಫ್ಯೂಮ್ ಹುಡ್ ಒಳಗೆ, ಎನ್-95 ಮಾಸ್ಕ್ ಹಾಕಿಕೊಂಡೇ ಆಗಬೇಕು. ಸೆಲ್ಯುಲೋಸ್ ಥಿಂಬಲ್ ಮುಕ್ಕಾಲಿಗಿಂತ ಮೇಲೆ ತುಂಬಬೇಡಿ. 5 ಗ್ರಾಂ ಒಮ್ಮೆಲೇ ಹಿಡಿಸದಿದ್ದರೆ ಎರಡು ಸಲ ಮಾಡಿ. ಮೇಲೆ ಗಾಜಿನ ಉಣ್ಣೆ ಒತ್ತಿ ಇಡದಿದ್ದರೆ ಮಸಿ ತೇಲಿ ಸೈಫನ್ ಮೂಲಕ ಕೆಳಗೆ ಬರುತ್ತದೆ. 250 ಮಿಲಿಲೀಟರ್ ಫ್ಲಾಸ್ಕಿಗೆ 150 ಮಿಲಿಲೀಟರ್ ಟಾಲ್ವೀನ್ ಹಾಕಿ, ಹೀಟಿಂಗ್ ಮ್ಯಾಂಟಲ್ ಬಳಸಿ. ನಿಮ್ಮ ಸಾಕ್ಸ್‌ಲೆಟ್ ಒಮ್ಮೆಗೆ ಎಷ್ಟು ದ್ರಾವಕ ಹಿಡಿದುಕೊಳ್ಳುತ್ತದೆ ಎಂದು ಮೊದಲೇ ನೀರು ಹಾಕಿ ನೋಡಿ, ಒಣಗಿಸಿಕೊಳ್ಳಿ. ಅದು ಒಟ್ಟು ಟಾಲ್ವೀನ್‌ನ ಅರ್ಧಕ್ಕಿಂತ ಹೆಚ್ಚಾದರೆ ಸೈಫನ್ ಆಗುವ ಮೊದಲು ಫ್ಲಾಸ್ಕ್ ಒಣಗುವ ಅಪಾಯ ಉಂಟು.

ಮೊದಲ ಸುತ್ತುಗಳಲ್ಲಿ ಗಾಢ ಕೆಂಪು-ಕಂದು ದ್ರಾವಣ ಇಳಿಯುತ್ತದೆ. ಸೈಫನ್ ಕೊಳವೆಯಲ್ಲಿ ಬಣ್ಣ ಒಣಹುಲ್ಲಿನಷ್ಟು ತೆಳುವಾಗುವವರೆಗೆ ನಡೆಸಿ. ಸಾಮಾನ್ಯವಾಗಿ 8ರಿಂದ 10 ಗಂಟೆ. ನಡುವೆ ಕರೆಂಟ್ ಹೋಗಿ ದ್ರಾವಣ ತಣಿದರೆ, ಮತ್ತೆ ಕಾಸುವ ಮೊದಲು ಹೊಸ ಕುದಿಗಲ್ಲು ಹಾಕಲೇಬೇಕು. ತಣಿಯುವಾಗ ಹಳೆಯದರ ರಂಧ್ರದೊಳಗೆ ದ್ರಾವಕ ನುಗ್ಗಿ ಅದು ಸತ್ತಿರುತ್ತದೆ. ಹಾಗೆಯೇ ಕಾಸಿದರೆ ಟಾಲ್ವೀನ್ ಒಮ್ಮೆಲೇ ಉಕ್ಕಿ ಕಂಡೆನ್ಸರಿಗೆ ಬಡಿಯುತ್ತದೆ. ಬಿಸಿ ಫ್ಲಾಸ್ಕಿಗೆ ಕುದಿಗಲ್ಲು ಹಾಕುವುದು ಇನ್ನೂ ದೊಡ್ಡ ತಪ್ಪು.

ರೋಟಾವೇಪರಿನಲ್ಲಿ 50-60 ಡಿಗ್ರಿ ಸ್ನಾನದಲ್ಲಿ ಟಾಲ್ವೀನ್ ತೆಗೆಯಿರಿ. ಉಳಿದ ಕಪ್ಪು ಪುಡಿಯನ್ನು 10 ಮಿಲಿಲೀಟರ್ ಅಸಿಟೋನ್‌ನಲ್ಲಿ ಕಲಕಿ ಸೆಂಟ್ರಿಫ್ಯೂಜ್ ಮಾಡಿ, ಹೀಗೆ ಮೂರು ಸಲ. ಅಸಿಟೋನ್‌ನಲ್ಲಿ ಸಿ-60 ಕರಗುವುದಿಲ್ಲ ಎಂದೇ ಹೇಳಬಹುದು. ಹಳದಿಯಾಗಿ ಹೊರಬರುವುದು ಮಸಿಯಲ್ಲಿದ್ದ ಸಣ್ಣ ಬಹುಚಕ್ರ ಹೈಡ್ರೋಕಾರ್ಬನ್ನುಗಳು, ಕೊಳವೆಯ ಗ್ರೀಸು. ಇದನ್ನು ಬಿಟ್ಟರೆ ಮುಂದೆ ಐಆರ್‌ನಲ್ಲಿ 2900ರ (ತರಂಗಸಂಖ್ಯೆ, ಪ್ರತಿ ಸೆಂಟಿಮೀಟರಿಗೆ) ಹತ್ತಿರ ಅನಾವಶ್ಯಕ ಪಟ್ಟೆಗಳು ಬಂದು ಮಕ್ಕಳು ಗೊಂದಲಪಡುತ್ತಾರೆ. 5 ಗ್ರಾಂ ಮಸಿಗೆ 350 ಮಿಲಿಗ್ರಾಂ ಲೆಕ್ಕದಲ್ಲಿ ಬರಬೇಕು, 300 ಬಂದರೆ ಚೆನ್ನಾಗಿಯೇ ಆಗಿದೆ ಎಂದು ತಿಳಿಯಿರಿ.

ಈಗ ಕಾಲಮ್. ಸಿ-60, ಸಿ-70 ಸೇರಿದ ಈ ಪುಡಿಯ 100 ಮಿಲಿಗ್ರಾಂ ಮಿಶ್ರಣಕ್ಕೆ 4 ಗ್ರಾಂ ಇದ್ದಿಲು ಪುಡಿ, 8 ಗ್ರಾಂ ಸಿಲಿಕಾ ಜೆಲ್, ತೂಕದಲ್ಲಿ ಒಂದಕ್ಕೆ ಎರಡು. ಎರಡನ್ನೂ 120 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಪೂರ್ತಿ ತಣಿಸಿ, ಟಾಲ್ವೀನ್‌ನಲ್ಲಿ ಗಂಜಿಯ ಹದಕ್ಕೆ ಕಲಸಿ. ಕಲಸುವಾಗ ಇದ್ದಿಲು ಬಿಸಿಯಾಗುತ್ತದೆ, ಗುಳ್ಳೆ ಬಿಡುತ್ತದೆ. ಗುಳ್ಳೆ ನಿಲ್ಲುವ ತನಕ ಕಾಯದೆ ಕಾಲಮಿಗೆ ಸುರಿದರೆ ಒಳಗೆ ಬಿರುಕು ಬೀಳುತ್ತದೆ. 2 ಸೆಂಟಿಮೀಟರ್ ಒಳವ್ಯಾಸದ ಕಾಲಮ್, ಬುಡದಲ್ಲಿ ಹತ್ತಿ, ಅದರ ಮೇಲೆ 1 ಸೆಂಟಿಮೀಟರ್ ತೊಳೆದ ಮರಳು, ಮೇಲೂ ಮರಳು. ಬುಡದ ಮರಳು ಬಿಟ್ಟರೆ ಇದ್ದಿಲಿನ ನುಣ್ಣನೆಯ ಪುಡಿ ಕೆಳಗೆ ಇಳಿದು ನಿಮ್ಮ ಸಿ-60ಕ್ಕೆ ಸೇರುತ್ತದೆ. ಒಣಗಿದ ಮೇಲೆ ಎರಡೂ ಕಪ್ಪು, ಕಣ್ಣಿಗೆ ಗೊತ್ತಾಗುವುದಿಲ್ಲ.

ಮಿಶ್ರಣವನ್ನು 40 ಮಿಲಿಲೀಟರ್ ಟಾಲ್ವೀನ್‌ನಲ್ಲಿ ಕರಗಿಸಿ, ಸೋಸಿ, ನಿಧಾನ ಹಾಕಿ. ತನ್ನಷ್ಟಕ್ಕೆ ಹರಿಯುವುದು ಬಹಳ ನಿಧಾನ. ಮೀನಿನ ತೊಟ್ಟಿಯ ಗಾಳಿ ಪಂಪಿನಷ್ಟು ಒತ್ತಡ ಸಾಕು. ಮೊದಲು ಬರುವ ಸ್ವಚ್ಛ ನೇರಳೆ ದ್ರಾವಣವೇ ಸಿ-60. ನೇರಳೆಗೆ ಕೆಂಪು ತಿರುಗುವ ಸೂಚನೆ ಕಂಡ ಕೂಡಲೇ ಫ್ಲಾಸ್ಕ್ ಬದಲಿಸಿ. ಸಿ-70 ಇದ್ದಿಲಿಗೆ ಹೆಚ್ಚು ಗಟ್ಟಿಯಾಗಿ ಅಂಟಿರುತ್ತದೆ, ಯಾಕೆಂದರೆ ಉದ್ದನೆಯ ಪಂಜರ, ಗ್ರಾಫೈಟ್ ತರದ ಮೇಲ್ಮೈಗೆ ತಾಗುವ ಜಾಗ ಜಾಸ್ತಿ. ಅದನ್ನು ಇಳಿಸಬೇಕಾದರೆ ಟಾಲ್ವೀನ್‌ಗೆ ಆರ್ಥೋ-ಡೈಕ್ಲೋರೋಬೆಂಜೀನ್ ಸೇರಿಸಬೇಕು. ಕೆಲಸ ಮುಗಿಯುವವರೆಗೆ ಕಾಲಮಿಗೂ ಫ್ಲಾಸ್ಕಿಗೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಡಿ.

ಗೆರಟೆ ಇದ್ದಿಲಿನ ಪ್ರಶ್ನೆ ಒಳ್ಳೆಯದು, ಉತ್ತರ ಮಾತ್ರ ಬೇಡ ಎಂದೇ. ಗೆರಟೆಯಿಂದ ಮಾಡಿದ ಆಕ್ಟಿವೇಟೆಡ್ ಇದ್ದಿಲಿನ ರಂಧ್ರಗಳಲ್ಲಿ ಬಹುಪಾಲು 2 ನ್ಯಾನೊಮೀಟರಿಗಿಂತ ಕಿರಿದು. ನೀರಿನ ಫಿಲ್ಟರಿಗೆ, ಅನಿಲ ಹೀರಲಿಕ್ಕೆ ಅದೇ ಅದರ ಗುಣ. ಆದರೆ ಸಿ-60 ಅಣು ಎಲೆಕ್ಟ್ರಾನ್ ಮೋಡ ಸೇರಿ ಸುಮಾರು 1 ನ್ಯಾನೊಮೀಟರ್ ಅಗಲ. ಅಂಥ ಕಿರಿದಾದ ರಂಧ್ರದೊಳಗೆ ಹೊಕ್ಕರೆ ಎಲ್ಲ ಕಡೆಯಿಂದ ಗೋಡೆ ತಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಟಾಲ್ವೀನ್ ಎಷ್ಟು ಸುರಿದರೂ ಹೊರಬರುವುದು ಕಡಿಮೆ. ಸಕ್ಕರೆ ದ್ರಾವಣದ ಬಣ್ಣ ತೆಗೆಯಲಿಕ್ಕೆ ಬಳಸುವ, ಮರದಿಂದ ಮಾಡಿದ, ದೊಡ್ಡ ರಂಧ್ರದ ಪುಡಿ ತರಿಸಿ. ಹೊಸ ಪ್ಯಾಕ್ ಬಂದರೆ ಮೊದಲು 10 ಮಿಲಿಗ್ರಾಂ ಮಿಶ್ರಣದಲ್ಲಿ, ಪಾಶ್ಚರ್ ಪಿಪೆಟ್ಟಿನಲ್ಲೇ ಚಿಕ್ಕ ಕಾಲಮ್ ಮಾಡಿ ಪರೀಕ್ಷಿಸಿ. ಒಂದೊಂದು ಕಂಪನಿಯ ಇದ್ದಿಲು ಒಂದೊಂದು ತರ ನಡೆದುಕೊಳ್ಳುತ್ತದೆ.

ಕೊಣಾಜೆ_ಸ್ಪೆಕ್ಟ್ರಾ:

ಗುರುತಿಸುವ ಭಾಗ ನಾನು ಹೇಳುತ್ತೇನೆ. ನಿಮ್ಮಲ್ಲಿರುವ ಎರಡು ಉಪಕರಣ ಧಾರಾಳ ಸಾಕು.

ಯುವಿ-ವಿಸಿಬಲ್‌ನಲ್ಲಿ ಎಡವುವುದು ಸಾಂದ್ರತೆಯಲ್ಲಿ. 10 ಮಿಲಿಲೀಟರ್ ಟಾಲ್ವೀನ್‌ಗೆ 1 ಮಿಲಿಗ್ರಾಂ ಹಾಕಿ ಅಂದುಕೊಳ್ಳಿ. ಅಣುತೂಕ 720, ಹಾಗಾದರೆ 0.139 ಮಿಲಿಮೋಲಾರ್. ಟಾಲ್ವೀನ್‌ನಲ್ಲಿ 335 ನ್ಯಾನೊಮೀಟರ್ ಹತ್ತಿರದ ಪಟ್ಟೆಯ ಮೋಲಾರ್ ಹೀರಿಕೆ 50,000ಕ್ಕಿಂತ ಮೇಲೆ, ಆದ್ದರಿಂದ ಅಬ್ಸಾರ್ಬೆನ್ಸ್ 7 ದಾಟುತ್ತದೆ. ಉಪಕರಣ ಚಪ್ಪಟೆ ಗೆರೆ ಎಳೆದು ಕೂರುತ್ತದೆ. ಅದೇ ದ್ರಾವಣವನ್ನು 540ರಲ್ಲಿ ನೋಡಿದರೆ 0.13 ಮಾತ್ರ, ಅಲ್ಲಿನ ಹೀರಿಕೆ ಸಾವಿರದ ಆಸುಪಾಸು ಅಷ್ಟೇ. ಆದ್ದರಿಂದ ಎರಡು ಸ್ಯಾಂಪಲ್ ಮಾಡಿ: 400ರಿಂದ 700ರವರೆಗೆ ಓದಲಿಕ್ಕೆ ಈ ದ್ರಾವಣ, 300ರಿಂದ 420ಕ್ಕೆ ಹತ್ತು ಪಟ್ಟು ತೆಳುಗೊಳಿಸಿದ್ದು. 407ರ ಹತ್ತಿರ ಒಂದು ಸಣ್ಣ ಚೂಪು ಮೊನೆ ಕಾಣಬೇಕು. ಟಾಲ್ವೀನ್ ತಾನೇ 285ಕ್ಕಿಂತ ಕೆಳಗೆ ಬೆಳಕು ಬಿಡುವುದಿಲ್ಲ. 257ರ ಪಟ್ಟೆ ತೋರಿಸಬೇಕಾದರೆ ಹೆಕ್ಸೇನ್ ಮತ್ತು ಕ್ವಾರ್ಟ್ಸ್ ಕ್ಯುವೆಟ್ ಬೇಕು. ಹೆಕ್ಸೇನ್‌ನಲ್ಲಿ ಉಳಿದ ದೊಡ್ಡ ಪಟ್ಟೆ 329ಕ್ಕೆ, ಚೂಪು ಮೊನೆ 404ಕ್ಕೆ ಸರಿಯುತ್ತದೆ.

ಶುದ್ಧತೆಯ ಪ್ರಶ್ನೆಗೆ 470ರ ಸುತ್ತ ನೋಡಿ. ಸಿ-60 ಹಳದಿ-ಹಸಿರನ್ನು ಹೀರಿ, 430ರಿಂದ 480ರ ನೀಲಿಯನ್ನೂ ಕೆಂಪನ್ನೂ ಬಿಡುತ್ತದೆ, ಅದಕ್ಕೇ ಅದು ನೇರಳೆ. ಸಿ-70 ಅದೇ ನೀಲಿಯಲ್ಲಿ, 470ರ ಸುಮಾರಿಗೆ, ಸಿ-60ಗಿಂತ ಎಷ್ಟೋ ಪಟ್ಟು ಬಲವಾಗಿ ಹೀರುತ್ತದೆ. ಸ್ವಲ್ಪವೇ ಸಿ-70 ಉಳಿದಿದ್ದರೂ ನೇರಳೆ ಹೋಗಿ ಕಂದು-ಕೆಂಪು ಬರುವುದು ಇದರಿಂದಲೇ. ಕಾಲಮಿನ ಪ್ರತಿ ಭಾಗಕ್ಕೂ 470 ಮತ್ತು 540ರ ಅಬ್ಸಾರ್ಬೆನ್ಸ್ ಅನುಪಾತ ಬರೆದಿಡಿ. ಮೊದಲ ಭಾಗಗಳಲ್ಲಿ ಆ ಅನುಪಾತ ಒಂದೇ ಇದ್ದು, ಯಾವ ಭಾಗದಿಂದ ಏರಲಿಕ್ಕೆ ಶುರುವಾಗುತ್ತದೋ ಅಲ್ಲಿಂದ ಬೇರೆ ಇಡಿ. ಇದು ಕಣ್ಣಿನ ಅಂದಾಜಿಗಿಂತ ಬಹಳ ಮೊದಲೇ ಎಚ್ಚರಿಸುತ್ತದೆ.

ಐಆರ್ ಇನ್ನೂ ಚಂದ. 60 ಪರಮಾಣುಗಳ ಅಣುವಿಗೆ 174 ಕಂಪನ ವಿಧಗಳು. ಆದರೂ ಕಾಣುವುದು ನಾಲ್ಕೇ ಪಟ್ಟೆ: 527, 576, 1183, 1429. ಅಷ್ಟು ಎತ್ತರದ ಸಮಮಿತಿ ಈ ಅಣುವಿಗೆ. ಸಿ-70ರ ಪಂಜರ ಉದ್ದವಾಗಿ ಸಮಮಿತಿ ಇಳಿದ ಕೂಡಲೇ ಪಟ್ಟೆಗಳು ಹೆಚ್ಚುತ್ತವೆ. 795, 674, 642ರ ಹತ್ತಿರ ಏನಾದರೂ ಕಂಡರೆ ಸಿ-70 ಉಳಿದಿದೆ. 728 ಮತ್ತು 694ರಲ್ಲಿ ಕಂಡರೆ ಅದು ಹರಳಿನೊಳಗೆ ಕೂತ ಟಾಲ್ವೀನ್, ವ್ಯಾಕ್ಯೂಮ್‌ನಲ್ಲಿ 150 ಡಿಗ್ರಿಗೆ ಮತ್ತೆ ಕೆಲವು ಗಂಟೆ ಒಣಗಿಸಿ.

ಮಳೆಗಾಲದಲ್ಲಿ ನಿಜವಾದ ಕಾಟ ಪೊಟ್ಯಾಸಿಯಂ ಬ್ರೋಮೈಡ್‌ನದ್ದು. ಪೆಲೆಟ್ ಒತ್ತುವಷ್ಟರಲ್ಲೇ ತೇವ ಎಳೆದು 3400ರಲ್ಲಿ ಅಗಲ ಗುಡ್ಡೆ, 1640ರಲ್ಲಿ ಇನ್ನೊಂದು. ಫುಲ್ಲರೀನ್ ಆಕ್ಸಿಡೈಸ್ ಆಗಿ ಹೈಡ್ರಾಕ್ಸಿಲ್ ಕೂತಿದೆ ಎಂದು ಮಕ್ಕಳು ಬರೆದುಬಿಡುತ್ತಾರೆ. ಅದು ಬರೇ ನೀರು. ಉಪ್ಪನ್ನು 110 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಖಾಲಿ ಪೆಲೆಟ್ಟಿನ ಸ್ಪೆಕ್ಟ್ರಮ್ ಅದೇ ಗಂಟೆಯಲ್ಲಿ ತೆಗೆದು ಪಕ್ಕದಲ್ಲಿಡಿ.

ಹೊರಗೆ ಎಲ್ಲಾದರೂ ಕಾರ್ಬನ್-13 ಎನ್‌ಎಂಆರ್ ಮಾಡಿಸುವುದಾದರೆ 143 ಪಿಪಿಎಂ ಹತ್ತಿರ ಒಂದೇ ಗೆರೆ. ಅರುವತ್ತೂ ಕಾರ್ಬನ್ ಒಂದೇ ತರ ಎಂಬುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಇಲ್ಲ. ಸಿ-70 ಐದು ಗೆರೆ ಕೊಡುತ್ತದೆ. ಟಿಎಲ್‌ಸಿ (ತೆಳು ಪದರದ ಪ್ಲೇಟಿನಲ್ಲಿ ಬೇರ್ಪಡಿಸಿ ನೋಡುವುದು) ಮೇಲೆ ಮಾತ್ರ ಭರವಸೆ ಇಡಬೇಡಿ. ಸಾಧಾರಣ ಸಿಲಿಕಾ ಪ್ಲೇಟಿನಲ್ಲಿ ಎರಡೂ ಒಟ್ಟಿಗೇ ಮೇಲಕ್ಕೆ ಓಡುತ್ತವೆ.

ಕಾಪು_ಓದುಗ:

ನಡುವೆ ಒಂದು ಪ್ರಶ್ನೆ. ಮಸಿ ದುಡ್ಡು ಕೊಟ್ಟು ತರಿಸುವ ಬದಲು ವೆಲ್ಡಿಂಗ್ ಸೆಟ್, ಗ್ರಾಫೈಟ್ ಕೋಲು ಇಟ್ಟು ಮಾಡಲಿಕ್ಕೆ ಆಗುವುದಿಲ್ವಾ? ದೀಪದ ಕಾಡಿಗೆಯಲ್ಲೂ ಇದೆ ಎಂದು ಓದಿದ ನೆನಪು.

ಸುರತ್ಕಲ್_ಕಾರ್ಬನ್:

ಕಾಡಿಗೆಯಲ್ಲಿ ಇದ್ದರೂ ತೀರಾ ಲೇಶ, ಟಾಲ್ವೀನ್‌ಗೆ ಬಣ್ಣ ಬರುವಷ್ಟಲ್ಲ. ಗೆರಟೆ ಸುಟ್ಟ ಇದ್ದಿಲಿನಿಂದಲೂ ತೆಗೆಯಲಿಕ್ಕೆ ಆಗದು, ಯಾಕೆಂದರೆ ಅಲ್ಲಿ ಕಾರ್ಬನ್ ಎಂದೂ ಆವಿಯಾಗಿರುವುದಿಲ್ಲ. ಪಂಜರ ಕಟ್ಟಬೇಕಾದರೆ ಗ್ರಾಫೈಟ್ ಬಿಡಿ ಪರಮಾಣುಗಳಾಗಿ ಹೊರಟು, ಬಿಸಿಯಾಗಿರುವಾಗಲೇ ಜೋಡಿಸಿಕೊಂಡು, ಅಂಚಿನ ಬಿಡಿ ಬಂಧಗಳನ್ನು ಮುಚ್ಚಿಕೊಳ್ಳಲು ಪಂಚಭುಜಗಳನ್ನು ಸೇರಿಸುತ್ತ ಬಾಗಬೇಕು. ಸಿ-60ರಲ್ಲಿ 12 ಪಂಚಭುಜ, 20 ಷಡ್ಭುಜ. ಸಿ-70ರಲ್ಲಿ ಷಡ್ಭುಜ 25, ಪಂಚಭುಜ ಅದೇ 12. ಷಡ್ಭುಜ ಎಷ್ಟೇ ಇರಲಿ, 12 ಪಂಚಭುಜ ಇಲ್ಲದೆ ಪಂಜರ ಮುಚ್ಚುವುದಿಲ್ಲ.

ವೆಲ್ಡಿಂಗ್ ಸೆಟ್ ಕರೆಂಟ್ ಕೊಟ್ಟೀತು, ತೊಂದರೆ ಗಾಳಿಯದ್ದು. ಆಮ್ಲಜನಕ ಇದ್ದರೆ ಆವಿ ಸುಟ್ಟು ಹೋಗುತ್ತದೆ. 6 ಮಿಲಿಮೀಟರ್ ಕೋಲಿಗೆ ನೂರು ಆಂಪಿಯರ್ ಆಸುಪಾಸು ನೇರ ವಿದ್ಯುತ್, 100ರಿಂದ 200 ಟಾರ್ ಒತ್ತಡದ ಹೀಲಿಯಂ, ನೀರಿನಲ್ಲಿ ತಣಿಯುವ ಉಕ್ಕಿನ ಕೋಣೆ, ವ್ಯಾಕ್ಯೂಮ್ ಪಂಪ್ ಎಲ್ಲ ಬೇಕು. ಒತ್ತಡ ತೀರಾ ಕಡಿಮೆಯಾದರೆ ಪರಮಾಣುಗಳು ಒಂದನ್ನೊಂದು ಸಂಧಿಸದೆ ಗೋಡೆಗೆ ಹೋಗಿ ಕೂರುತ್ತವೆ, ಹೆಚ್ಚಾದರೆ ಪಂಜರ ಮುಚ್ಚುವ ಮೊದಲೇ ತಣಿದು ಸಾಧಾರಣ ಮಸಿಯಾಗುತ್ತವೆ. 1985ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೊ, ಸ್ಮಾಲಿ, ಕರ್ಲ್ ಲೇಸರಿನಿಂದ ಇದನ್ನು ಕಂಡರು, ಆದರೆ ಅದು ಮಾಸ್ ಸ್ಪೆಕ್ಟ್ರಮಿನ 720ರ ಗೆರೆಯಾಗಿ ಮಾತ್ರ. ಕೈಯಲ್ಲಿ ಹಿಡಿಯುವಷ್ಟು ಸಿಕ್ಕಿದ್ದು 1990ರಲ್ಲಿ ಕ್ರೆಚ್ಮರ್, ಹಫ್ಮನ್ ಮತ್ತು ಸಂಗಡಿಗರು ಹೀಲಿಯಂನಲ್ಲಿ ಗ್ರಾಫೈಟ್ ಆವಿ ಮಾಡಿ, ಆ ಮಸಿಯನ್ನು ಬೆಂಜೀನ್‌ನಲ್ಲಿ ತೊಳೆದಾಗ. ರಸಾಯನಶಾಸ್ತ್ರದ ಕೆಲಸ ಶುರುವಾದದ್ದು ಅಲ್ಲಿಂದ. ಕಾಲೇಜಿಗೆ ಮಸಿ ತರಿಸುವುದೇ ಸರಿ.

ಉಡುಪಿ_ರಸಾಯನ:

ತುಂಬ ಉಪಕಾರ. ಮರದ ಇದ್ದಿಲಿನಲ್ಲಿ ಕಾಲಮ್ ಓಡಿಸಿದೆವು. ನೇರಳೆ ಚೆನ್ನಾಗಿ ಬಂತು, ಅನುಪಾತವೂ ಸ್ಥಿರ ಉಂಟು. ಆದರೆ ನಂತರ ಬಣ್ಣ ತೆಳುವಾಗುತ್ತಾ ಹೋಯಿತು, ಕೆಂಪು ಬರಲೇ ಇಲ್ಲ. 100 ಮಿಲಿಗ್ರಾಂ ಹಾಕಿದ್ದಕ್ಕೆ ಸಿಕ್ಕಿದ್ದು 52. ಮತ್ತೊಂದು: ಗಾಢಗೊಳಿಸಿ ಫ್ರಿಜ್‌ನಲ್ಲಿಟ್ಟರೂ ಹರಳು ಬೀಳಲಿಲ್ಲ. ಬಿಸಿ ಮಾಡಿ ತಣಿಸಿದರೂ ಅದೇ.

ಸುರತ್ಕಲ್_ಕಾರ್ಬನ್:

52 ಒಳ್ಳೆಯ ಫಲ. ಮಿಶ್ರಣದಲ್ಲಿ ಸಿ-60 ಇರುವುದೇ ಮುಕ್ಕಾಲು ಭಾಗದಿಂದ ಸ್ವಲ್ಪ ಮೇಲೆ, ಅದರಲ್ಲಿ ಮೂರನೇ ಒಂದು ಭಾಗದಷ್ಟು ಇದ್ದಿಲಿನಲ್ಲಿ ಉಳಿಯುವುದು ಈ ವಿಧಾನದ ಸಹಜ ನಷ್ಟ. ಕೆಂಪು ಬಾರದಿರುವುದು ಇದ್ದಿಲು ಸಿ-70 ಅನ್ನು ಬಿಗಿಯಾಗಿ ಹಿಡಿದಿದೆ ಎಂಬ ಸೂಚನೆ. ಬೇಕಾದರೆ ಈಗ ಡೈಕ್ಲೋರೋಬೆಂಜೀನ್ ಹಾಕಿ ಇಳಿಸಿ, ಆದರೆ ಬೇರೆ ಫ್ಲಾಸ್ಕಿಗೆ. ಉಳಿದ ಸಿ-60 ಬಾಲವೂ ಅದರೊಂದಿಗೆ ಬರುತ್ತದೆ, ಅದನ್ನು ಶುದ್ಧ ಭಾಗಕ್ಕೆ ಸೇರಿಸಬೇಡಿ.

ಹರಳಿನ ವಿಷಯದಲ್ಲಿ ಸಿ-60 ನಮ್ಮ ಅಭ್ಯಾಸಕ್ಕೆ ವಿರುದ್ಧ. ಟಾಲ್ವೀನ್‌ನಲ್ಲಿ ಅದರ ಕರಗುವಿಕೆ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅತಿ ಹೆಚ್ಚು, ಅಲ್ಲಿಂದ ಬಿಸಿ ಮಾಡಿದಷ್ಟೂ ಇಳಿಯುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನಷ್ಟು ಕರಗುತ್ತದೆ ಹೊರತು ಬೀಳುವುದಿಲ್ಲ. ಕರಗದ ಪುಡಿಯನ್ನು ಕಾಸಿ ಕರಗಿಸಲು ಹೋಗುವುದೂ ವ್ಯರ್ಥ, ಅಲ್ಟ್ರಾಸಾನಿಕ್ ಬಾತ್‌ನಲ್ಲಿ 15 ನಿಮಿಷ ಇಡಿ. ಹೊರಗೆ ತೆಗೆಯಲಿಕ್ಕೆ ದ್ರಾವಣವನ್ನು 20 ಮಿಲಿಲೀಟರಿಗೆ ಇಳಿಸಿ, ಅದರ ನಾಲ್ಕು-ಐದು ಪಟ್ಟು ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ನಿಧಾನ ಹಾಕಿ. ಕಂದು-ಕಪ್ಪು ನುಣುಪು ಪುಡಿ ಬೀಳುತ್ತದೆ, ಸೆಂಟ್ರಿಫ್ಯೂಜ್ ಮಾಡಿ ಒಣಗಿಸಿ.

ಕಾರ್ಬನ್ ಡೈಸಲ್ಫೈಡ್‌ನಲ್ಲಿ ಸಿ-60 ಮಿಲಿಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ಕೇಳಬೇಡಿ. ಅದು 46 ಡಿಗ್ರಿಗೇ ಕುದಿಯುತ್ತದೆ, 90 ಡಿಗ್ರಿಯ ಬಿಸಿ ಮೇಲ್ಮೈ ತಾಗಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಸ್ನಾನವೇ ಸಾಕು ಅದಕ್ಕೆ.

ಮಂಗಳೂರು_ಆರ್ಗಾನಿಕ್:

ರಿಯಾಕ್ಷನ್ ವಿಷಯ. ಮೊದಲು ಮಕ್ಕಳ ತಲೆಯಿಂದ ಒಂದು ಕಲ್ಪನೆ ತೆಗೆಯಬೇಕು: ಇದು ದೊಡ್ಡ ಬೆಂಜೀನ್ ಅಲ್ಲ. ಎರಡು ಷಡ್ಭುಜಗಳ ನಡುವಿನ 30 ಬಂಧಗಳು ಗಿಡ್ಡ, ಸುಮಾರು 1.40 ಆಂಗ್‌ಸ್ಟ್ರಾಂ. ಪಂಚಭುಜದ ಅಂಚಿನ 60 ಬಂಧಗಳು ಉದ್ದ, ಸುಮಾರು 1.45. ಎಂದರೆ ಜೋಡಿಬಂಧಗಳು ತಮ್ಮ ಜಾಗದಲ್ಲೇ ನೆಲೆಸಿವೆ, ಪಂಚಭುಜದೊಳಗೆ ಬರುವುದಿಲ್ಲ. ಬಾಗಿದ ಕಾರ್ಬನ್‌ಗಳಲ್ಲಿ ಒತ್ತಡ ಇದೆ, ಏನಾದರೂ ಸೇರಿದರೆ ಅದು ಸಡಿಲವಾಗುತ್ತದೆ. ಆದ್ದರಿಂದ ಸಿ-60 ಎಲೆಕ್ಟ್ರಾನ್ ಹಸಿವಿನ ಆಲ್ಕೀನ್ ತರ ನಡೆದುಕೊಳ್ಳುತ್ತದೆ. ನ್ಯೂಕ್ಲಿಯೊಫೈಲ್, ಕಾರ್ಬೀನ್, ಡೈಪೋಲ್, ಡೈಯೀನ್ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಬದಲಿಸಲಿಕ್ಕೆ ಹೈಡ್ರೋಜನ್ನೇ ಇಲ್ಲ, ಹಾಗಾಗಿ ಬೆಂಜೀನ್ ತರದ ಸಬ್‌ಸ್ಟಿಟ್ಯೂಷನ್ ಪ್ರಶ್ನೆಯೇ ಬರುವುದಿಲ್ಲ.

ಈ ಹವೆಯಲ್ಲಿ ಸೋಡಿಯಂ ಹೈಡ್ರೈಡ್ ಬೇಡವೇ ಬೇಡ. ಪ್ರಾಟೊ ರಿಯಾಕ್ಷನ್ ಮಾಡಿಸಿ, 1993ರದ್ದು. ಸಿ-60 72 ಮಿಲಿಗ್ರಾಂ, ಸಾರ್ಕೊಸಿನ್ (ಒಂದು ಅಮೈನೊ ಆಮ್ಲ) 18 ಮಿಲಿಗ್ರಾಂ, ಪ್ಯಾರಾಫಾರ್ಮಾಲ್ಡಿಹೈಡ್ 15 ಮಿಲಿಗ್ರಾಂ, ಟಾಲ್ವೀನ್ 75 ಮಿಲಿಲೀಟರ್. ಮೋಲ್ ಲೆಕ್ಕದಲ್ಲಿ ಒಂದಕ್ಕೆ ಎರಡು, ಐದು. 52 ಮಿಲಿಗ್ರಾಂ ಮಾತ್ರ ಇದ್ದರೆ ಎಲ್ಲವನ್ನೂ ಅದೇ ಪ್ರಮಾಣಕ್ಕೆ ಇಳಿಸಿ. ನೈಟ್ರೋಜನ್ ಬಿಟ್ಟು, ಫಾಯಿಲ್ ಸುತ್ತಿ, 2 ಗಂಟೆ ರಿಫ್ಲಕ್ಸ್. ಸಾರ್ಕೊಸಿನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಅಜೋಮೀಥೈನ್ ಇಲೈಡ್ ಎಂಬ ಚುರುಕು ಡೈಪೋಲ್ ಆಗುತ್ತದೆ. ಅದು ಎರಡು ಷಡ್ಭುಜಗಳ ನಡುವಿನ ಬಂಧದ ಮೇಲೆ ಕೂತು ಐದರ ಉಂಗುರ ಕಟ್ಟುತ್ತದೆ. ನೇರಳೆ ದ್ರಾವಣ ಕಂದಾಗುವುದೇ ಗುರುತು. ಬಂಧ ಒಂದು ಮುರಿದು ಸಮಮಿತಿ ಇಳಿದ ಕೂಡಲೇ ಬಣ್ಣ ಬದಲಾಗುತ್ತದೆ.

ಸಾರ್ಕೊಸಿನ್ ಟಾಲ್ವೀನ್‌ನಲ್ಲಿ ಕರಗುವುದಿಲ್ಲ, ಕೆಳಗೆ ಗಟ್ಟಿಯಾಗಿ ಕೂರುತ್ತದೆ. ಮ್ಯಾಗ್ನೆಟಿಕ್ ಸ್ಟರ್ರಿಂಗ್ ಜೋರಾಗಿರಬೇಕು, ಇಲ್ಲದಿದ್ದರೆ ಎರಡು ಗಂಟೆಯಾದರೂ ನೇರಳೆಯೇ ಉಳಿಯುತ್ತದೆ. ಹಾಗೆಂದು ಸಮಯ ಅಥವಾ ಪ್ರಮಾಣ ವಿಪರೀತ ಏರಿಸಿದರೆ ಎರಡನೇ ಉಂಗುರವೂ ಸೇರಿ ಎಂಟು ಬಗೆಯ ಐಸೋಮರುಗಳ ಮಿಶ್ರಣವಾಗುತ್ತದೆ, ಅದನ್ನು ಕಾಲೇಜು ಲ್ಯಾಬಿನಲ್ಲಿ ಬಿಡಿಸಲು ಸಾಧ್ಯವಿಲ್ಲ. ಸ್ವಲ್ಪ ಸಿ-60 ಉಳಿದಿರುವಾಗಲೇ ನಿಲ್ಲಿಸುವುದು ಜಾಣತನ. ಸಿಲಿಕಾ ಕಾಲಮಿನಲ್ಲಿ ಟಾಲ್ವೀನ್ ಹಾಕಿದರೆ ಮೊದಲು ನೇರಳೆ ಸಿ-60 ಹೊರಡುತ್ತದೆ, ಹಿಂದೆ ಕಂದು ಉತ್ಪನ್ನ. ಕಂದು ಎಳೆಯುತ್ತಾ ನಿಂತರೆ ಸ್ವಲ್ಪ ಈಥೈಲ್ ಅಸಿಟೇಟ್ ಸೇರಿಸಿ. 72 ಮಿಲಿಗ್ರಾಮಿಗೆ ಪೂರ್ತಿ ಫಲ 77.7 ಮಿಲಿಗ್ರಾಂ, ಅದರಲ್ಲಿ 30 ಬಂದರೆ ತೃಪ್ತಿಪಡಿ. ಯುವಿಯಲ್ಲಿ 430ರ ಹತ್ತಿರ ಹೊಸದಾಗಿ ಸಣ್ಣ ಚೂಪು ಮೊನೆ ಕಾಣಬೇಕು. ಒಂದೇ ಗುಂಪು ಆ ಬಂಧದ ಮೇಲೆ ಕೂತಿದೆ ಎನ್ನಲಿಕ್ಕೆ ಅದೇ ಗುರುತು. ಮಾಸ್ ಸ್ಪೆಕ್ಟ್ರಮ್ ಮಾಡಿಸಿದರೆ ಅಣುತೂಕ 777.

ಬಿಂಗೆಲ್ ಮಾಡಲೇಬೇಕು ಅಂದರೆ ಹೈಡ್ರೈಡ್ ಬದಲು ಡಿಬಿಯು (ಒಂದು ಸಾವಯವ ಕ್ಷಾರ) ಬಳಸಿ. 0.1 ಮಿಲಿಮೋಲ್ ಸಿ-60ಕ್ಕೆ ಡೈಈಥೈಲ್ ಬ್ರೋಮೊಮ್ಯಾಲೊನೇಟ್ 36 ಮಿಲಿಗ್ರಾಂ, ಡಿಬಿಯು 23 ಮಿಲಿಗ್ರಾಂ. ಡಿಬಿಯು ಕೊನೆಗೆ, ಟಾಲ್ವೀನ್‌ನಲ್ಲಿ ತೆಳು ಮಾಡಿ ತೊಟ್ಟು ತೊಟ್ಟಾಗಿ. ಒಮ್ಮೆಲೇ ಸುರಿದರೆ ಅದು ಫುಲ್ಲರೀನ್‌ಗೇ ಅಂಟಿ ಕಪ್ಪು ಗಸಿಯಾಗಿ ಕೆಳಗೆ ಬೀಳುತ್ತದೆ.

ಮಣಿಪಾಲ_ಫಾರ್ಮಾ:

ಉಪಯೋಗದ ಪ್ರಶ್ನೆಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಫುಲ್ಲರೀನ್‌ನ ಗಟ್ಟಿ ಉಪಯೋಗ ಒಂದೇ ಗುಣದಿಂದ ಬಂದಿದೆ: ಎಲೆಕ್ಟ್ರಾನ್ ತೆಗೆದುಕೊಂಡು, ಇಟ್ಟುಕೊಂಡು, ಹಾಳಾಗದೆ ಹಿಂತಿರುಗಿಸುವುದು. ದ್ರಾವಣದಲ್ಲಿ ಒಂದೊಂದಾಗಿ ಆರು ಎಲೆಕ್ಟ್ರಾನ್ ತೆಗೆದುಕೊಳ್ಳುವುದು 1992ರಲ್ಲೇ ಅಳತೆಯಾಗಿದೆ. ಅದೇ ವರ್ಷ ಪಾಲಿಮರ್ ಬೆಳಕು ಹೀರಿದಾಗ ಎಲೆಕ್ಟ್ರಾನ್ ಸಿ-60ಕ್ಕೆ ಜಿಗಿಯುವುದನ್ನು ತೋರಿಸಿದರು. 1995ರಲ್ಲಿ ಕರಗುವ ರೂಪವಾದ ಪಿಸಿಬಿಎಂ ಬಂತು, ಸಾವಯವ ಸೌರಕೋಶಗಳು ಎರಡು ದಶಕ ಅದರ ಮೇಲೆ ನಡೆದವು. 2015ರ ನಂತರ ಫುಲ್ಲರೀನ್ ಅಲ್ಲದ ಸ್ವೀಕಾರಕ ಅಣುಗಳು ಅಲ್ಲಿ ಮುಂದೆ ಹೋದವು, ಯಾಕೆಂದರೆ ಪಿಸಿಬಿಎಂ ಗೋಚರ ಬೆಳಕನ್ನು ಹೀರುವುದು ಕಡಿಮೆ. ಆದರೆ ಪೆರೋವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತು ಬೆಳಕು ಹೀರುವ ಸೌರಕೋಶದಲ್ಲಿ ಸಿ-60ರ ಸ್ಥಾನ ಭದ್ರ. ವ್ಯಾಕ್ಯೂಮ್‌ನಲ್ಲಿ ಆವಿ ಮಾಡಿ 20 ನ್ಯಾನೊಮೀಟರ್ ಆಸುಪಾಸಿನ ಪದರ ಕೂರಿಸಿದರೆ ಎಲೆಕ್ಟ್ರಾನ್ ಮಾತ್ರ ದಾಟುತ್ತದೆ. ಇದೇ ಇಂದಿನ ನಿಜವಾದ ಬಳಕೆ.

ಪುಸ್ತಕದ ಪಟ್ಟಿಯಲ್ಲಿರುವ ಸೂಪರ್‌ಕಂಡಕ್ಟರ್ ಕೂಡ ನಿಜ. ಮೂರು ಪೊಟ್ಯಾಸಿಯಂ ಸೇರಿದ ಸಿ-60 ಸುಮಾರು 19 ಕೆಲ್ವಿನ್‌ನಲ್ಲಿ ಹಾಗೆ ಆಗುತ್ತದೆ, 1991ರಲ್ಲಿ ಕಂಡದ್ದು. ಆದರೆ ಗಾಳಿ ತಾಗಿದರೆ ಹಾಳು. ಬಾಲ್ ಬೇರಿಂಗ್ ತರ ಉರುಳುವ ಲೂಬ್ರಿಕೆಂಟ್ ಎಂಬ ನಿರೀಕ್ಷೆ ಫಲಿಸಲಿಲ್ಲ, ಆ ಕೆಲಸಕ್ಕೆ ಗ್ರಾಫೈಟ್, ಮಾಲಿಬ್ಡಿನಂ ಡೈಸಲ್ಫೈಡ್ ಇಂದಿಗೂ ಸಾಕು.

ಮಕ್ಕಳಿಗೆ ತೋರಿಸಲೇಬೇಕಾದ ಇನ್ನೊಂದು ಪಂಜರ ಮೆಡಿಕಲ್ ಶಾಪಿನಲ್ಲಿ ಉಂಟು: ಅಡಮಾಂಟೇನ್. ಹತ್ತು ಕಾರ್ಬನ್, ಹದಿನಾರು ಹೈಡ್ರೋಜನ್, ವಜ್ರದ ಜಾಲರಿಯ ಒಂದು ತುಂಡು. 1933ರಲ್ಲಿ ಕಚ್ಚಾ ಎಣ್ಣೆಯಲ್ಲಿ ಸಿಕ್ಕಿತು. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಅಮಾಂಟಡಿನ್, ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್ ಇದರ ಅಮೈನುಗಳು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ವಿಲ್ಡಾಗ್ಲಿಪ್ಟಿನ್ ಮಾತ್ರೆಯೊಳಗೂ ಹೈಡ್ರಾಕ್ಸಿ-ಅಡಮಾಂಟೇನ್ ಕೂತಿದೆ. ಆ ಅಣುವಿನಲ್ಲಿ ಅಮೈನ್ ಮತ್ತು ನೈಟ್ರೈಲ್ ಎರಡೂ ಇವೆ, ಬಿಟ್ಟರೆ ಒಂದಕ್ಕೊಂದು ಕೂಡಿಕೊಂಡು ಔಷಧ ಕೆಡುತ್ತದೆ. ಅಡಮಾಂಟೇನ್‌ನ ದಪ್ಪ ಮೈ ಅದನ್ನು ನಿಧಾನಗೊಳಿಸುತ್ತದೆ. ಪಂಜರದ ಆಕಾರಕ್ಕೇ ಇಷ್ಟು ಸ್ಪಷ್ಟ ಕೆಲಸ ಇರುವ ಉದಾಹರಣೆ ನನಗೆ ಬೇರೆ ಹೊಳೆಯುವುದಿಲ್ಲ.

ಕೊನೆಗೆ ಸಿ-60 ಎಣ್ಣೆ. ಮಾರುವವರು ಉಂಟು, ಹಾಗಾಗಿ ಮಕ್ಕಳಿಗೆ ಹೇಳಿಯೇ ಬಿಡಬೇಕು. 2012ರಲ್ಲಿ ಆಲಿವ್ ಎಣ್ಣೆಯಲ್ಲಿ ಕರಗಿಸಿದ ಸಿ-60 ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವು ಎಂದು ಒಂದು ವರದಿ ಬಂತು, ಇಲಿಗಳ ಗುಂಪು ತೀರಾ ಸಣ್ಣದು. 2020ರಲ್ಲಿ ಸುಂಡಿಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಆಯುಸ್ಸು ಹೆಚ್ಚಲಿಲ್ಲ. ಮೇಲಾಗಿ ಬೆಳಕಿಗೆ ಒಡ್ಡಿದ ಎಣ್ಣೆ ವಿಷವಾಯಿತು. ರಸಾಯನಶಾಸ್ತ್ರದಿಂದ ನೋಡಿದರೆ ಆಶ್ಚರ್ಯ ಇಲ್ಲ: ಬೆಳಕು ಹೀರಿದ ಸಿ-60 ಹೆಚ್ಚುಕಡಿಮೆ ಪ್ರತಿ ಫೋಟಾನಿಗೂ ಒಂದು ಸಿಂಗ್ಲೆಟ್ ಆಮ್ಲಜನಕ (ಆಮ್ಲಜನಕದ ಹೆಚ್ಚು ಚುರುಕಾದ ರೂಪ) ಕೊಡುತ್ತದೆ, ಅದು ಎಣ್ಣೆಯ ಜೋಡಿಬಂಧಗಳನ್ನು ಕೆಡಿಸುತ್ತದೆ. ತೆಂಗಿನೆಣ್ಣೆಯಲ್ಲಿ ಕರಗಿಸಿ ಕುಡಿಯಬಹುದಾ ಎಂದು ಕೇಳುವವರಿಗೂ ಬೇಡ ಎಂದೇ ಉತ್ತರ. ನಿಮ್ಮ ಲ್ಯಾಬಿನ ಪುಡಿಯಲ್ಲಂತೂ ಟಾಲ್ವೀನ್ ಇರುತ್ತದೆ.

ಉಡುಪಿ_ರಸಾಯನ:

ವಿಲ್ಡಾಗ್ಲಿಪ್ಟಿನ್ ವಿಷಯ ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ. ಉಳಿದ ಸಿ-60 ಮುಂದಿನ ವರ್ಷದವರಿಗೆ ಇಡಬೇಕು. ದ್ರಾವಣವಾಗಿ ಇಡುವುದಾ, ಪುಡಿಯಾಗಿಯಾ? ಬಳಸಿದ ಇದ್ದಿಲು, ದ್ರಾವಕ ಎಂತ ಮಾಡುವುದು?

ಕೊಣಾಜೆ_ಸ್ಪೆಕ್ಟ್ರಾ:

ಪುಡಿಯಾಗಿಯೇ. ಕಂದು ಗಾಜಿನ ಸೀಸೆ, ಮುಚ್ಚಳಕ್ಕೆ ಪ್ಯಾರಾಫಿಲ್ಮ್, ಸೀಸೆಯನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿಡಿ, ಅದರ ಮೇಲೂ ಫಾಯಿಲ್. ದ್ರಾವಣವಾಗಿ ಇಟ್ಟರೆ ಕಿಟಕಿಯ ಬೆಳಕಿಗೆ ಕೆಲವು ವಾರಗಳಲ್ಲಿ ಆಕ್ಸೈಡ್ ಆಗುತ್ತದೆ, ಬಣ್ಣ ಕಂದಿಗೆ ತಿರುಗುತ್ತದೆ, ಬುಡದಲ್ಲಿ ಕರಗದ ಗಸಿ ಕಾಣುತ್ತದೆ. ಮುಂದಿನ ವರ್ಷ ತೆಗೆದಾಗ ಬಳಸುವ ಮೊದಲು 470 ಮತ್ತು 540ರ ಅನುಪಾತ ಮತ್ತೆ ಅಳೆದು, ಈ ಸಲದ ಸಂಖ್ಯೆಯೊಂದಿಗೆ ಹೋಲಿಸಲಿಕ್ಕೆ ಸೀಸೆಯ ಮೇಲೆಯೇ ಬರೆದು ಅಂಟಿಸಿ.

ಟಾಲ್ವೀನ್ ಬೇರೆ ಬಾಟಲಿಗೆ, ಡೈಕ್ಲೋರೋಬೆಂಜೀನ್ ತಾಗಿದ್ದೆಲ್ಲ ಹ್ಯಾಲೋಜನ್ ತ್ಯಾಜ್ಯದ ಬಾಟಲಿಗೆ. ಎರಡು ಸೇರಿಸಿದರೆ ಪೂರ್ತಿ ಹ್ಯಾಲೋಜನ್ ತ್ಯಾಜ್ಯವಾಗಿ ವಿಲೇವಾರಿ ಖರ್ಚು ಏರುತ್ತದೆ. ರೋಟಾವೇಪರಿನಿಂದ ಬಂದ ಟಾಲ್ವೀನ್ ಎಸೆಯಬೇಡಿ, ಇನ್ನೊಮ್ಮೆ ಬಟ್ಟಿ ಇಳಿಸಿ ಮುಂದಿನ ಸಾಕ್ಸ್‌ಲೆಟ್‌ಗೆ ಬಳಸಬಹುದು. ಕಾಲಮಿನ ಇದ್ದಿಲು ಟಾಲ್ವೀನ್ ಒದ್ದೆಯಲ್ಲೇ ಇರುವಾಗ ಕಸದ ಬುಟ್ಟಿಗೆ ಹಾಕಬಾರದು. ಹುಡ್ ಒಳಗೆ ಅಗಲ ತಟ್ಟೆಯಲ್ಲಿ ಪೂರ್ತಿ ಒಣಗಿದ ಮೇಲೆ, ಮಸಿ ತೆಗೆದ ಥಿಂಬಲ್ ಜೊತೆ ಎರಡು ಪದರದ ಚೀಲದಲ್ಲಿ ಕಟ್ಟಿ, ಘನ ರಾಸಾಯನಿಕ ತ್ಯಾಜ್ಯ ಎಂದು ಬರೆದು ಕೊಡಿ.